ಕೆಂಪು ದಾರದ ಚೀಲ

ಬೀದಿಯವರು ಅವಳನ್ನು ಟೈಲರಕ್ಕ ಎಂದೇ ಕರೆಯುವುದು. ಎರಡು ವರ್ಷದ ಹಿಂದೆ ಹೊಳೆ ನೀರು ಮನೆಗೆ ನುಗ್ಗಿದಾಗ ಮನೆಮಂದಿಯೆಲ್ಲ ಶಾಲೆಯ ಮಹಡಿ ಹತ್ತಿ ಕೂತಿದ್ದರು. ಉಬ್ಬಸದ ಅತ್ತೆ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪ್ ಕಪಾಟಿನಲ್ಲೇ ಉಳಿದಿತ್ತು. ದೋಣಿ ಬರುವವರೆಗೆ ಆ ಮುದುಕಿ ಒಂದೊಂದು ಉಸಿರಿಗೂ ಒದ್ದಾಡಿದರು. ಉಟ್ಟ ಬಟ್ಟೆಯಲ್ಲಿ ಓಡಿಬಂದ ಐವರಲ್ಲಿ, "ಪಂಪ್ ಯಾಕೆ ತರಲಿಲ್ಲ?" ಎಂಬ ಪ್ರಶ್ನೆ ಮಾತ್ರ ಇವಳೊಬ್ಬಳಿಗೇ ಮೀಸಲಾಗಿತ್ತು.

ಆಮೇಲೆ ಅವಳು ದಪ್ಪ ಬಟ್ಟೆಯ ಚೀಲವೊಂದನ್ನು ಹೊಲಿದು ಟಾರ್ಚು, ಸೆಲ್ಲು, ನೀರು, ಬಿಸ್ಕತ್ತು, ಕಾಗದಪತ್ರಗಳ ನಕಲು, ಹೊಸ ಪಂಪ್ ತುಂಬಿಸಿಟ್ಟಳು. ವಾರದೊಳಗೆ ಸೆಲ್ಲು ಟಿ.ವಿ. ರಿಮೋಟಿಗೆ ಹೋಯಿತು, ಬಿಸ್ಕತ್ತು ಮಕ್ಕಳ ಹೊಟ್ಟೆಗೆ. "ಆಮೇಲೆ ಹಾಕಿದ್ರಾಯ್ತು ಬಿಡು" ಎಂದ ಗಂಡ. ಹಾಕುವವರು ಯಾರೆಂದು ಹೇಳಲಿಲ್ಲ. ಅವಳು ಮತ್ತೆ ತುಂಬಿಸಿ, ಚೀಲದ ಬಾಯನ್ನು ಕೆಂಪು ದಾರದಲ್ಲಿ ಮಿಷನ್ ಹೊಲಿಗೆ ಹಾಕಿ ಮುಚ್ಚಿದಳು. ಮೂರು ತಿಂಗಳಿಗೊಮ್ಮೆ ಬಿಚ್ಚಿ, ತಾರೀಖು ನೋಡಿ, ಹಳೆಯದನ್ನು ಬದಲಿಸಿ, ಮತ್ತೆ ಹೊಲಿಯುವಳು.

ಮೊನ್ನೆ ಮಧ್ಯಾಹ್ನ, ಹೊಳೆ ಏರುತ್ತಿದೆ ಎಂದು ಮೈಕಿನಲ್ಲಿ ಸಾರಿಕೊಂಡು ಹೋದರು. ಅವಳು ಅಟ್ಟದಿಂದ ಚೀಲ ಇಳಿಸಿದಳು. ದಾರ ಕೆಂಪೇ, ಆದರೆ ಹೊಲಿಗೆ ಮಿಷನ್ನಿನದಲ್ಲ. ಕೈಹೊಲಿಗೆ, ಒತ್ತೊತ್ತಾಗಿ, ನೆಟ್ಟಗೆ. ಬಿಚ್ಚಿ ಪಂಪ್ ಒತ್ತಿ ನೋಡಿದರೆ ಖಾಲಿ. ಸೆಲ್ಲೂ ಇಲ್ಲ.

"ಯಾರು ಬಿಚ್ಚಿದ್ದು ಇದನ್ನ?"

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. "ಹೋದ ತಿಂಗಳು ಅಮ್ಮಂದು ಮುಗಿದುಹೋಗಿತ್ತು, ಇದರಲ್ಲಿದ್ದ ಹೊಸದನ್ನ ತೆಗೆದುಕೊಟ್ಟೆ. ನೀನು ಹೊಲಿಗೆ ಅಂಗಡೀಲಿದ್ದೆ."

"ಮೆಡಿಕಲ್ ಶಾಪು ಬೀದಿ ತುದೀಲೇ ಇದೆಯಲ್ರೀ."

"ಅದನ್ನೆಲ್ಲ ನೀನೇ ಅಲ್ವಾ ತರೋದು."

"ಖಾಲೀದನ್ನ ಒಳಗಿಟ್ಟು ಹೊಲಿದಿದ್ದು?"

"ನೀನು ಕೂಗಾಡ್ತೀಯ ಅಂತ."

ಹದಿನಾಲ್ಕು ವರ್ಷ, "ನಂಗೆ ಸೂಜಿ ಹಿಡಿಯೋಕೆ ಬರಲ್ಲ ಕಣೇ" ಎನ್ನುತ್ತ ಗುಂಡಿ ಕಿತ್ತ ಅಂಗಿಗಳನ್ನೆಲ್ಲ ಇವಳ ಮಡಿಲಿಗೆ ಎಸೆದಿದ್ದ ಈ ಮನುಷ್ಯ. ಇವಳು ಜ್ವರದಲ್ಲಿ ಮಲಗಿದ್ದಾಗಲೂ.

ಅತ್ತೆ ಚೀಲ ಎಳೆದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಇವನು ಇಷ್ಟು ಚೆನ್ನಾಗಿ ಹೊಲೀತಾನೆ ಅಂತ ಹೆತ್ತ ನಂಗೇ ಗೊತ್ತಿರಲಿಲ್ಲ. ನನ್ನ ಉಸಿರನ್ನೇ ಒಳಗಿಟ್ಟು ಹೊಲಿದುಬಿಟ್ಯಲ್ಲೋ ಪುಣ್ಯಾತ್ಮ."

ಖಾಲಿ ಪಂಪನ್ನು ಅವಳು ಗಂಡನ ಜೇಬಿಗೆ ಹಾಕಿದಳು. "ಅಂಗಡಿ ಮುಚ್ಚೋದ್ರೊಳಗೆ ಎರಡು ತನ್ನಿ. ಸೆಲ್ಲೂ."

"ಕೊಡೆ ಎಲ್ಲಿದೆ?"

"ಹುಡುಕ್ಕೊಳ್ಳಿ."

ಅವನು ಕೊಡೆ ಸಿಗದೆ ತೊಯ್ದುಕೊಂಡೇ ಮರಳಿದಾಗ ಅವನ ಕುರ್ಚಿಯ ಮೇಲೆ ಚೀಲ ಬಾಯಿ ತೆರೆದು ಕೂತಿತ್ತು. ಪಕ್ಕದಲ್ಲಿ ಕೆಂಪು ದಾರ ಪೋಣಿಸಿದ ಸೂಜಿ.