ನಂಗಲಿಯ ಲಾರಿ ಕಥೆ ಮುಗಿಯಲಿಲ್ಲ

ಆಗೋ ಮಾತಲ್ಲ ಅಂತ ಮೊದಲು ಹೇಳಿದವರು ನಮ್ಮ ಚಿಕ್ಕಪ್ಪ. ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ರೇಷ್ಮೆ ಹುಳದ ಮನೆ ಬಾಗಿಲಲ್ಲಿ ಇಳಿಸಿ, ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಹೇಳಿದರು.

"ಮುಂದಿನ ಕಾಲದ ಕಥೆ ಅಂತೀಯ, ಸರಿ. ಅದರಲ್ಲಿ ನಮ್ಮೂರು ಬರಬೇಕು ಅಂತೀಯ. ಅದು ಆಗಲ್ಲ ಬಿಡಮ್ಮಣ್ಣಿ. ನಮ್ಮ ಕಡೆ ಮುಂದಕ್ಕೆ ಏನಾದ್ರೂ ಆಗೋದಿದ್ರೆ ತಾನೆ ಬರೆಯೋಕೆ?"

ಎರಡನೆಯವರು ಬೆಂಗಳೂರಿನ ಒಬ್ಬ ಪ್ರಕಾಶಕರು. ಫೋನಿನಲ್ಲೇ ನಕ್ಕರು. "ಕೋಲಾರದಿಂದ ಟೊಮ್ಯಾಟೊ ಬರುತ್ತೆ, ಹಾಲು ಬರುತ್ತೆ. ವಿಜ್ಞಾನ ಕಥೆನೂ ಬರುತ್ತಾ ಮೇಡಂ?" ಆ ಮಾತು ನನಗೆ ಅಷ್ಟು ನಾಟಲಿಲ್ಲ. ಚಿಕ್ಕಪ್ಪನದು ನಾಟಿತು. ಯಾಕೆಂದರೆ ನನ್ನನ್ನು ಓದಿಸಿದವರು ಅವರು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಮುಳಬಾಗಿಲಿಗೆ ಬಂದು, ಅಲ್ಲಿಂದ ಕೋಲಾರದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದವಳು. ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ಚಿಕ್ಕಪ್ಪ ಅದನ್ನು ಕಿತ್ತುಕೊಂಡು ಹೋಗಿ ಫ್ರೇಮ್ ಹಾಕಿಸಿ, ದೇವರ ಪಟದ ಪಕ್ಕಕ್ಕೇ ನೇತುಹಾಕಿದರು. ಆಮೇಲೆ ಇಂಟರ್‌ವ್ಯೂಗಳು ಶುರುವಾದವು. ಎಲ್ಲರೂ ಒರಿಜಿನಲ್ ಕೇಳುತ್ತಿದ್ದರು. ಹೋಗುವ ದಿನ ಫ್ರೇಮಿನ ಹಿಂದಿನ ಸಣ್ಣ ಮೊಳೆಗಳನ್ನು ಕಿತ್ತು ಪತ್ರ ತೆಗೆಯೋದು, ಸಂಜೆ ಬಂದು ಮತ್ತೆ ಇಟ್ಟು ಮೊಳೆ ಹೊಡೆಯೋದು. ಬರಬರುತ್ತಾ ಮೊಳೆಯ ತೂತೆಲ್ಲ ಸಡಿಲವಾಗಿ, ಸುತ್ತಿಗೆಯೇ ಬೇಡವಾಯಿತು, ಬೆರಳಲ್ಲೇ ಬರುತ್ತಿದ್ದವು. ಒಂದು ದಿನ ಇಂಟರ್‌ವ್ಯೂಗೆ ಹೋಗುವುದನ್ನೂ ಮೊಳೆ ಕೀಳುವುದನ್ನೂ ಬಿಟ್ಟೆ.

ಸಿಕ್ಕಿದ ಕೆಲಸ ಕೋಲಾರದ ಒಂದು ಡಿಟಿಪಿ ಅಂಗಡಿಯದು. ಲಗ್ನಪತ್ರಿಕೆ, ಗೃಹಪ್ರವೇಶ, ಶ್ರದ್ಧಾಂಜಲಿ, ಲೀಡರ್‌ಗಳ ಹುಟ್ಟುಹಬ್ಬದ ಫ್ಲೆಕ್ಸು. ಕನ್ನಡದಲ್ಲೂ ಟೈಪ್ ಮಾಡಬೇಕು, ತೆಲುಗಿನಲ್ಲೂ ಮಾಡಬೇಕು. ಗಿರಾಕಿ ಇಲ್ಲದ ಹೊತ್ತಲ್ಲಿ ಅದೇ ಕಂಪ್ಯೂಟರಿನಲ್ಲಿ ನಾನು ಸಂಪಾದಿಸುವ ಕಥಾಸಂಕಲನ. ವಿಜ್ಞಾನ ಕಥೆ, ಮಾಯಾಕಥೆ ಎರಡೂ ಸೇರಿದ್ದು. ಬರೆಯುವವರು ನಮ್ಮ ತಾಲ್ಲೂಕುಗಳವರೇ ಆಗಿರಬೇಕು ಅಂತ ನನ್ನ ಹಟ.

ಸಂಪಾದಕಿ ಅಂದರೆ ಏನೋ ಅಂದುಕೊಳ್ಳುತ್ತಾರೆ. ಕಥೆಗಳು ನೋಟ್‌ಬುಕ್ ಹಾಳೆಯ ಫೋಟೊ ಆಗಿ ಬರುತ್ತವೆ, ಅದರಲ್ಲಿ ಬರೆದವರ ಹೆಬ್ಬೆರಳೂ ಇರುತ್ತದೆ. ಹಳೆಯ ಫಾಂಟಿನಲ್ಲಿ ಬಂದು ತೆರೆದರೆ ಬರೀ ಚಿಹ್ನೆಗಳಾಗಿರುತ್ತವೆ. ಮಾಲೂರಿನವರೊಬ್ಬರು ಇಡೀ ಕಥೆಯನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿ, "ನೀವೇ ಬರ್ಕೊಂಬಿಡಿ" ಅಂದರು. ಶ್ರೀನಿವಾಸಪುರದ ಮಾವಿನ ತೋಪಿನ ಭೂತ ಪ್ರತಿ ಸಲವೂ ಬರುತ್ತದೆ, ಬೇರೆ ಬೇರೆಯವರ ಕೈಯಲ್ಲಿ. ಈಚೆಗೆ ಮೊಬೈಲಿನ ಎಐಗೆ ಹೇಳಿ ಬರೆಸಿದ ಕಥೆಗಳು. ಅವೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿರುತ್ತವೆ: ನಗರದ ಮೇಲೆ ನೀಲಿ ಬೆಳಕು, ಕಿಟಕಿಯಲ್ಲಿ ನಿಂತ ಒಬ್ಬ ವಿಜ್ಞಾನಿ. ಎಲ್ಲವನ್ನೂ ಕೊನೆತನಕ ಓದುತ್ತೇನೆ. ಓದದೆ ವಾಪಸ್ ಕಳಿಸಿದ್ದು ಒಂದೂ ಇಲ್ಲ.

ನನಗೆ ನೋವಾಗುತ್ತಿದ್ದದ್ದು ಇನ್ನೊಂದಕ್ಕೆ. ಎಲ್ಲರ ಕಥೆಯಲ್ಲೂ ಮುಂದಿನ ಕಾಲ ಬೆಂಗಳೂರಿನಲ್ಲಿರುತ್ತಿತ್ತು, ಇಲ್ಲವೇ ಆಕಾಶದಲ್ಲಿ. ನಮ್ಮೂರು ಬಂದರೆ ಒಂದು ಸಾಲು, ನಾಯಕ ಹುಟ್ಟಿ ಬಿಟ್ಟುಬಂದ ಊರು ಅಂತ. ನಮ್ಮಲ್ಲಿ ಬರೆಯೋಕೆ ಇಲ್ಲವಾ? ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ತಂದು ನಮ್ಮ ಕೆರೆ ತುಂಬಿಸುತ್ತಾರೆ ಅಂತ ನಾನು ಹೈಸ್ಕೂಲಿನಲ್ಲಿದ್ದಾಗ ಯಾರಾದರೂ ಕಥೆ ಬರೆದಿದ್ದರೆ ನಂಬುವ ಹಾಗಿಲ್ಲ ಅನ್ನುತ್ತಿದ್ದರು. ಈಗ ಆ ನೀರಿನಲ್ಲಿ ಕೊಕ್ಕರೆ ನಿಂತಿರುತ್ತವೆ. ಚಿಕ್ಕಪ್ಪನ ಮಾತು ಸುಳ್ಳು ಅಂತ ತೋರಿಸುವ ಒಂದೇ ಒಂದು ಕಥೆ ನನ್ನ ಪುಸ್ತಕದಲ್ಲಿ ಬರಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮೊದಲ ಎರಡು ಸಂಕಲನ ಹೇಗೋ ಅಚ್ಚಾದವು. ಉಳಿದ ಕಟ್ಟುಗಳು ಹುಳದ ಮನೆಯ ಅಟ್ಟ ಸೇರಿದವು. "ಪೇಪರ್ ಚೆನ್ನಾಗದೆ, ಹುಳದ ತಟ್ಟೆಗೆ ಹಾಸೋಣ್ವಾ?" ಅಂದರು ಚಿಕ್ಕಪ್ಪ. "ಇಂಕಿದೆ, ಹುಳ ಸಾಯ್ತವೆ" ಅಂದೆ. "ಓದೋರು ಬದುಕ್ತಾರಾ ಹಂಗಾದ್ರೆ?" ಅಂತ ಅವರೇ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಮೂರನೆಯದಕ್ಕೆ ಕಥೆ ಕೇಳಿದಾಗ ಬಂದ ಮೊದಲ ಪ್ರಶ್ನೆ, ಸರ್ಟಿಫಿಕೇಟ್ ಕೊಡ್ತೀರಾ? ಈಗ ಹಾಗೇ ಆಗಿದೆ. ಸಂಕಲನದಲ್ಲಿ ಬರೆದವರಿಗೆಲ್ಲ ಬಣ್ಣದ ಅಂಚಿನ ಪ್ರಮಾಣಪತ್ರ ಬೇಕು. ಮೇಷ್ಟ್ರುಗಳಿಗೆ ಫೈಲಿಗೆ, ಹುಡುಗರಿಗೆ ಸ್ಟೇಟಸ್ಸಿಗೆ. ನಿಮ್ಮ ಕಥೆಗೆ ಪುಸ್ತಕವೇ ಸಾಕ್ಷಿ ಅಲ್ಲವಾ ಅಂದರೆ, "ಅದು ಸರಿ ಮೇಡಂ, ಸರ್ಟಿಫಿಕೇಟ್?" ಅನ್ನುತ್ತಿದ್ದರು. ಕೊಡಲ್ಲ ಅಂತ ಕೂತಿದ್ದೆ. ಕಥೆ ಬರುವುದೇ ನಿಂತಿತು. ಕೊನೆಗೆ ಒಂದು ಖಾಸಗಿ ಕಾಲೇಜಿನ ಪ್ರಾಂಶುಪಾಲರು ಅಚ್ಚಿನ ಖರ್ಚು ನಮ್ಮದು ಅಂದರು. ಆದರೆ ಅವರ ವಾರ್ಷಿಕೋತ್ಸವಕ್ಕೆ ಪುಸ್ತಕ ಬರಬೇಕು, ವೇದಿಕೆಯ ಮೇಲೆ ಎಲ್ಲರಿಗೂ ಸರ್ಟಿಫಿಕೇಟ್ ಕೊಡಬೇಕು. ಒಪ್ಪಿಕೊಂಡೆ.

ಸರ್ಟಿಫಿಕೇಟ್ ಕೇಳದವರು ಒಬ್ಬರೇ. ಆಂಧ್ರ ಗಡಿಯ ನಂಗಲಿಯಲ್ಲಿ, ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ ಲಾರಿ ತೂಗಿ ಚೀಟಿ ಕೊಡುವ ಕೆಲಸದವರು. ಅವರ ಕಥೆ ಹೀಗಿತ್ತು. ಮುಂದೊಂದು ಕಾಲಕ್ಕೆ ಲಾರಿಗಳು ಡ್ರೈವರ್ ಇಲ್ಲದೆ ಓಡುತ್ತವೆ. ನಂಗಲಿಯಲ್ಲಿ ಡಾಬಾ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ, ತೂಗುವವನು ಒಬ್ಬನೇ ಉಳಿದಿದ್ದಾನೆ. ಒಂದು ದಿನ ಒಂದು ಖಾಲಿ ಲಾರಿ ಇರಬೇಕಾದ್ದಕ್ಕಿಂತ ಒಬ್ಬ ಮನುಷ್ಯನಷ್ಟು ಹೆಚ್ಚಿಗೆ ತೂಗುತ್ತದೆ. ಹತ್ತಿ ನೋಡಿದರೆ ಒಳಗೆ ಯಾರೂ ಇಲ್ಲ. ಅವನು ಲಾರಿಯನ್ನು ಬಿಡುವುದಿಲ್ಲ. ಅಲ್ಲಿಗೆ ಕಥೆ ನಿಂತಿತ್ತು.

ಹುಳದ ಮನೆಯಲ್ಲಿ ಕೂತು ಓದಿದೆ. ಸುತ್ತ ಹುಳ ಸೊಪ್ಪು ತಿನ್ನುವ ಸದ್ದು. ಎದ್ದು ಹೊರಗೆ ಬಂದೆ. ನಮ್ಮೂರ ಕಡೆಯ ಮುಂದಿನ ಕಾಲ, ಅದರಲ್ಲಿ ನಮ್ಮವನೇ ಒಬ್ಬ ಮನುಷ್ಯ.

ಆಮೇಲೆ ತಿಂಗಳುಗಟ್ಟಲೆ ಫೋನಿನಲ್ಲೇ ಕೆಲಸ. ಕಥೆ ಕನ್ನಡದಲ್ಲಿ, ಜಗಳ ಮಾತ್ರ ತೆಲುಗಿನಲ್ಲಿ. ಮಧ್ಯೆ ಮಧ್ಯೆ "ಇರಿ ಮೇಡಂ, ಗಾಡಿ ಬಂತು" ಅಂತ ಫೋನ್ ಮೇಜಿನ ಮೇಲಿಡುತ್ತಿದ್ದರು. ಹಾರನ್ನು, ಏರ್‌ಬ್ರೇಕಿನ ಉಸಿರು, ಯಾರೋ ಬೈಯುವುದು ಎಲ್ಲ ಕೇಳಿಸುತ್ತಿತ್ತು. ಶುರುವಿನ ಭಾಗ ಉದ್ದ ಆಯಿತು, ತೆಗೀರಿ ಅಂದೆ.

"ಖಾಲಿ ಗಾಡಿ ತೂಕ ಹಿಡೀದೆ ಮಾಲಿನ ತೂಕ ಹೆಂಗೆ ಹೇಳ್ತೀರಾ?" ಅಂದರು.

"ಖಾಲಿ ಗಾಡಿನೇ ಅರ್ಧ ಗಂಟೆ ತೂಗಿದ್ರೆ ಹಿಂದಿನ ಲಾರಿಯವನು ಸುಮ್ನಿರ್ತಾನಾ?" ಅಂದೆ.

ನಕ್ಕು ಒಂದು ಪುಟ ತೆಗೆದರು. ಕೊನೆ ಮಾತ್ರ ಬರಲಿಲ್ಲ. ಬರುತ್ತೆ ಮೇಡಂ, ಬರುತ್ತೆ ಅನ್ನುತ್ತಿದ್ದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಅಚ್ಚಿಗೆ ಕಳಿಸುವ ದಿನ ಹತ್ತಿರವಾಗಿತ್ತು.

ಒಂದು ಭಾನುವಾರ ನಂಗಲಿಗೇ ಹೋದೆ. ವೇಬ್ರಿಡ್ಜಿನಲ್ಲಿ ಯಾರೂ ಇರಲಿಲ್ಲ. ಕಂಬಕ್ಕೊಂದು ಕ್ಯಾಮೆರಾ, ಒಂದು ಡಬ್ಬಿ. ಲಾರಿ ಹತ್ತಿತು, ಡಬ್ಬಿಯಿಂದ ಚೀಟಿ ಬಂತು, ಡ್ರೈವರ್ ಕೈಚಾಚಿ ಹರಿದುಕೊಂಡು ಹೋದ. ನಮ್ಮವರು ಎದುರಿನ ಟೀ ಅಂಗಡಿ ಬೆಂಚಿನ ಮೇಲೆ ಕೂತಿದ್ದರು. ಕೆಲಸ ಹೋಗಿತ್ತು.

"ಟೀ ಕುಡೀರಿ ಮೇಡಂ. ನಾನು ಬರೆದೆ ಅಂತ್ಲೇ ಆಯ್ತೇನೋ ಅನ್ಸುತ್ತೆ. ಡ್ರೈವರ್ ಹೋಗ್ತಾನೆ ಅಂತ ಬರೆದೆ. ಅವನು ಇದಾನೆ, ನೋಡಿ. ನಾನೇ ಹೋದೆ."

"ಆ ಲಾರಿಲಿ ಹೆಚ್ಚಿಗೆ ತೂಗಿದ್ದೇನು? ಅದೊಂದು ಹೇಳಿ ಸಾಕು, ನಾನು ಬರ್ಕೊಳ್ತೀನಿ."

"ಅದು ನಂಗೂ ಗೊತ್ತಿಲ್ಲ. ಗೊತ್ತಾಗೋ ತನ್ಕ ಆ ಕುರ್ಚಿ ಮೇಲೆ ಕೂತಿರ್ತೀನಿ ಅನ್ಕೊಂಡಿದ್ದೆ. ಕುರ್ಚಿನೇ ಎತ್ಬಿಟ್ರು."

ಬೇರೆಯವರ ಕಥೆಗೆ ನಾನು ಕೊನೆ ಬರೆಯುವುದಿಲ್ಲ. ಇದ್ದಷ್ಟೇ ಹಾಕಲಾ ಅಂತ ಕೇಳಿದೆ. ಟೀ ಲೋಟ ಬೆಂಚಿನ ಮೇಲಿಟ್ಟು, "ಹಾಕ್ಕೊಳ್ಳಿ. ತೂಕ ಕಮ್ಮಿ ಮಾಲು, ಬೈಸ್ಕೊಳ್ಳೋದು ನೀವೇ" ಅಂದರು.

ಬೈಸಿಕೊಂಡೆ. ಅದನ್ನು ಪುಸ್ತಕದ ಕೊನೆಯ ಕಥೆಯಾಗಿ ಹಾಕಿ, ನಿಂತಲ್ಲಿಗೇ ನಿಲ್ಲಿಸಿ, ಉಳಿದ ಅರ್ಧ ಪುಟ ಖಾಲಿ ಬಿಟ್ಟೆ. ಪ್ರಾಂಶುಪಾಲರು ಪ್ರಿಂಟಿಂಗ್ ಮಿಸ್ಟೇಕ್ ಅಂದರು. ಪ್ರೆಸ್ಸಿನವನೂ ಫೋನ್ ಮಾಡಿ ಒಂದು ಹಾಳೆ ಬಿಟ್ಟುಹೋಗಿದೆಯಾ ಅಂತ ಕೇಳಿದ.

ಚಿಕ್ಕಪ್ಪನಿಗೆ ಆ ಕಥೆಯನ್ನು ಓದಿ ಹೇಳಿದೆ. ಸೊಪ್ಪು ಹರಡುತ್ತಾ ಕೇಳಿದರು. ಮುಗಿದ ಮೇಲೆ "ಆಮೇಲೆ?" ಅಂದರು. "ಅಷ್ಟೇ, ಇನ್ನಿಲ್ಲ" ಅಂದೆ. ತಟ್ಟೆಯನ್ನು ಸ್ಟ್ಯಾಂಡಿಗೆ ಸೇರಿಸಿದರು.

"ನಾನು ಹೇಳಿದ್ದೂ ಅದೇ ಅಲ್ವೇನಮ್ಮ? ನಮ್ಮ ಕಡೆ ಮುಂದಕ್ಕೆ ಏನೂ ಇಲ್ಲ ಅಂತ."

ಪುಸ್ತಕ ಮುಚ್ಚಿಟ್ಟು, ಮುಂದಿನ ತಟ್ಟೆ ಎಳೆದುಕೊಂಡು ನಾನೂ ಸೊಪ್ಪು ಹರಡಿದೆ.

ವಾರ್ಷಿಕೋತ್ಸವದ ದಿನ ನಾನೇ ಟೈಪ್ ಮಾಡಿದ ಸರ್ಟಿಫಿಕೇಟುಗಳನ್ನು ನಾನೇ ಒಂದೊಂದಾಗಿ ಅತಿಥಿಗಳ ಕೈಗೆ ಕೊಡುತ್ತಾ ನಿಂತಿದ್ದೆ. ಪಡೆದವರೆಲ್ಲ ಫೋಟೊ ತೆಗೆಸಿಕೊಂಡರು. ಊಟಕ್ಕೆ ಕರೆದಾಗ ಸಭಾಂಗಣ ಖಾಲಿಯಾಯಿತು. ಪುಸ್ತಕಗಳು ಕುರ್ಚಿಗಳ ಮೇಲೆ ಉಳಿದವು, ಕೆಲವು ಕೆಳಗೆ ಬಿದ್ದಿದ್ದವು. ಬಗ್ಗಿ ಎತ್ತಿಕೊಳ್ಳುತ್ತಿದ್ದೆ. ನಂಗಲಿಯವರ ಸರ್ಟಿಫಿಕೇಟ್ ಮೇಜಿನ ಮೇಲೆ ಹಾಗೇ ಇತ್ತು, ಕರೆದಾಗ ಯಾರೂ ಬಂದಿರಲಿಲ್ಲ.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು, ಕೈಯಲ್ಲಿ ಬಸ್ ಟಿಕೆಟ್ ಇನ್ನೂ ಹಿಡಿದುಕೊಂಡೇ. "ಫೋನಲ್ಲಿ ನಮ್ಮೆಜಮಾನ್ರನ್ನ ಬೈತಿದ್ದ ಮೇಡಂ ನೀವೇ ತಾನೆ?"

ನಾನೇ ಅಂದೆ. ಅವರು ಬರಲಿಲ್ಲವಾ ಅಂತ ಕೇಳಿದೆ.

"ಮಂಡಿಗೆ ಹೋಗವ್ರೆ, ಟೊಮ್ಯಾಟೊ ಬಾಕ್ಸ್ ಎತ್ತೋಕೆ. ದಿನಾ ಕರೆಯಲ್ಲ, ಕರೆದ ದಿನ ಬಿಡೋಕಾಗಲ್ಲ. ಏನೋ ಕೊಡ್ತಾರಂತೆ ಅಂತ ಪಕ್ಕದ ಮನೆಯೋರು ಹೇಳಿದ್ರು, ನಾನೇ ಬಂದೆ. ಅವ್ರಿಗೆ ಹೇಳಿಲ್ಲ."

ಪುಸ್ತಕ ಕೊಟ್ಟೆ. ಕೊನೆಯ ಕಥೆ ತೆರೆದು ತೋರಿಸಿದೆ. ಗಂಡನ ಹೆಸರಿನ ಮೇಲೆ ಬೆರಳಿಟ್ಟರು, ಖಾಲಿ ಅರ್ಧ ಪುಟದ ಮೇಲೂ ಇಟ್ಟರು. ಆಮೇಲೆ ಸರ್ಟಿಫಿಕೇಟ್ ಕೊಟ್ಟೆ. ಸೀರೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು. ಮಡಚಬಾರದು ಅಂತ ಪುಸ್ತಕದ ಒಳಗೆ ಸೇರಿಸಿ ಮುಚ್ಚಿದರು.

"ಫ್ರೇಮ್ ಹಾಕ್ಸಲ್ಲ ಮೇಡಂ, ಹಿಂಗೇ ಇಟ್ಟಿರ್ತೀನಿ. ಕೆಲಸ ಕೇಳೋಕೆ ಹೋದಾಗ ತೋರಿಸ್ಬೇಕಲ್ಲ."