ಎಮೆಟ್‌ನ ಕಣ್ಣಿನ ಬೆಳೆ

ಪಿಟ್ಸ್‌ಬರ್ಗ್‌ನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ವರ್ನಾ ಲುಕಾಚ್ ಜೀವಕೋಶ ಬೆಳೆಸುತ್ತಾಳೆ. ಅವಳ ಕೂದಲು ನೆರೆತದ್ದೂ ಅದೇ ಕೋಣೆಯಲ್ಲಿ. ಕೋಶಗಳಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಹೊತ್ತುಹೊತ್ತಿಗೆ ಊಟ ಹಾಕದಿದ್ದರೆ ಸತ್ತೇ ಹೋಗುತ್ತವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿಯನ್ನು ಒಲೆಯಲ್ಲೇ ಬಿಟ್ಟು ಓಡಿ ಬಂದವಳು ಅವಳು.

ಈ ಸಲದ ಕೋಶಗಳು ಗಾರೆ ಕೆಲಸದ ಎಮೆಟ್‌ನವು. ಸುಣ್ಣ ಸಿಡಿದು ಅವನ ಎಡಗಣ್ಣು ಸುಟ್ಟಿತ್ತು. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಕೆಲವು ಕೋಶಗಳು ಬದುಕಿಡೀ ಹೊಸ ಕೋಶ ಹುಟ್ಟಿಸುತ್ತಾ, ಸವೆಯುವ ಮೇಲ್ಪದರವನ್ನು ಮತ್ತೆ ಮತ್ತೆ ಕಟ್ಟುತ್ತಿರುತ್ತವೆ. ಅವು ಸತ್ತರೆ ಕಣ್ಣು ಬೆಳ್ಳಗೆ ಮಂಜಾಗುತ್ತದೆ. ಅದಕ್ಕೇ ವೈದ್ಯರು ಅವನ ಒಳ್ಳೆಯ ಕಣ್ಣಿನಿಂದ ಎಳ್ಳಿನಷ್ಟು ಚೂರು ಕತ್ತರಿಸಿ ಕೊಟ್ಟಿದ್ದರು. ಸುಟ್ಟ ಕಣ್ಣಿಗೆ ಕೂರಿಸಲು ಅದನ್ನು ಪದರವಾಗಿ ಬೆಳೆಸುವುದು ವರ್ನಾಳ ಕೆಲಸ. ಮೊದಲನೆಯದು ಕೆಟ್ಟಿತು. ಈಗ ಎರಡನೆಯದೂ ಕದಡಿ ಕೆಟ್ಟಿತ್ತು. ಇನ್ನೊಂದೇ ಸಲ ಕತ್ತರಿಸಬಹುದು, ಆಮೇಲೆ ಒಳ್ಳೆಯ ಕಣ್ಣಿಗೇ ಅಪಾಯ ಎಂದಿದ್ದರು ವೈದ್ಯರು.

ವರ್ನಾಳ ಮೈಯೆಲ್ಲ ಉರಿಯಿತು. ಸೂಕ್ಷ್ಮದರ್ಶಕದಲ್ಲಿ ಮಣಿ ಪೋಣಿಸಿದ ಹಾಗೆ, ಬಿಯರ್, ಬ್ರೆಡ್ ಹುದುಗಿಸುವ ಯೀಸ್ಟ್! ಕಸ ಗುಡಿಸುವವನನ್ನು ಬೈದಾಗಿತ್ತು, ಗಾಳಿ ಸೋಸುವ ಯಂತ್ರದವನನ್ನು ಕರೆಸಿ ಜಾಡಿಸಿದ್ದಾಗಿತ್ತು. ಉಳಿದವಳು ಪಕ್ಕದ ಮೇಜಿನ ಸಹಾಯಕಿ ಡಾರ್ಸಿ.

"ಮತ್ತೆ ಮನೇಲಿ ಬಿಯರ್ ಮಾಡ್ತಿದೀಯಾ? ನಿಜ ಹೇಳು."

"ನೀವು ಬೈದಿದ್ದಕ್ಕೆ ಡ್ರಮ್ಮೇ ಬೀದಿಗೆ ಹಾಕಿದೆನಲ್ಲಾ! ಬಿಯರ್ ಮಾಡೋರು, ಬ್ರೆಡ್ ನಾದೋರು ಒಳಗೆ ಕಾಲಿಡಬಾರದು ಅಂತ ಬಾಗಿಲಿಗೆ ಅಂಟಿಸಿದ್ದೂ ನೀವೇ." ಡಾರ್ಸಿ ಮಾತು ನಿಲ್ಲಿಸಿ ವರ್ನಾಳ ಕೈಗಡಿಯಾರದ ಪಟ್ಟಿ ನೋಡಿದಳು. "ಅದೇನ್ರೀ ಅಲ್ಲಿ ಬೆಳ್ಳಗೆ ಒಣಗಿರೋದು?"

ಹಿಟ್ಟು. ಬಸ್ಸು ಓಡಿಸಿ ನಿವೃತ್ತನಾದ ಗಂಡ ಸ್ಟಾನ್ ಈ ಚಳಿಗಾಲ ಬ್ರೆಡ್ಡಿನ ಹುಚ್ಚು ಹಚ್ಚಿಕೊಂಡಿದ್ದ. ಬೆಳಿಗ್ಗೆ ಅವನು ತಡವಾಗಿ ಏಳುತ್ತಿದ್ದ. "ಹುಳಿಹಿಟ್ಟಿನ ಜಾಡಿ ಸ್ವಲ್ಪ ಕಲಕಿ ಹೋಗೇ" ಎನ್ನುತ್ತಿದ್ದ. ಯೀಸ್ಟ್ ತುಂಬಿದ ಆ ಜಾಡಿಯನ್ನು ಇವಳು ದಿನಾ ಕಲಕಿ ಬರುತ್ತಿದ್ದಳು. ನಾದುವವಳು ತಾನಲ್ಲವಲ್ಲ, ನಿಯಮ ತನಗೂ ತಟ್ಟುತ್ತದೆಂದು ಹೊಳೆದೇ ಇರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವಳು ಗಡಿಯಾರ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು.

ಅಷ್ಟರಲ್ಲಿ ಫೋನ್ ಬಂತು. ಪ್ರತಿ ಶುಕ್ರವಾರ ತಪ್ಪದೆ ಮಾಡುವ ಎಮೆಟ್.

"ಏನಮ್ಮಾ, ನನ್ನ ಬೆಳೆ ಹೇಗಿದೆ?"

"ಕೆಟ್ಟೋಯ್ತು, ಎಮೆಟ್."

"ಹೋದ್ಸಲ ಗಾಳಿ ಮೆಷಿನ್ ಸರಿಯಿಲ್ಲ ಅಂದ್ರಿ. ಈ ಸಲ ಯಾರ ತಪ್ಪು?"

ಯಂತ್ರದ ತಲೆಗೇ ಇನ್ನೊಮ್ಮೆ ಕಟ್ಟಬಹುದಿತ್ತು. "ಮೆಷಿನ್ ಅಲ್ಲ. ಎರಡು ಸಲಾನೂ ನಾನೇ. ನನ್ನ ಕೈಯಿಂದ್ಲೇ ಯೀಸ್ಟ್ ಬಂದಿದ್ದು."



"ಒಳ್ಳೆ ಕಣ್ಣಿಗೆ ಇನ್ನೊಂದ್ಸಲ ಚಾಕು ಹಾಕಿಸ್ಕೋತೀನಿ. ಆದ್ರೆ ನೀವು ಮುಟ್ಟಬೇಡಿ."

ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಟ್ಟ. ವರ್ನಾಗೆ ಕಿರುಚಬೇಕೆನಿಸಿತು, ಕಿರುಚಲಿಲ್ಲ. ಎದ್ದು ನಿಂತು ಡಾರ್ಸಿಗೆ ತನ್ನ ಕುರ್ಚಿ ತೋರಿಸಿದಳು.

"ಕೂತ್ಕೋ. ಮೂರನೇದನ್ನ ನೀನು ಬೆಳೆಸ್ತೀಯ. ನಾನು ಬಾಗಿಲ ಆಚೆಯಿಂದ ಹೇಳ್ತೀನಿ."