ಕಪಾಟು ಖಾಲಿಯಾಗುವವರೆಗೆ

ನನ್ನ ಮೈದುನ ದರ್ಜಿ. ಬೀದಿಯವರೆಲ್ಲ ಅವನನ್ನು ‘ನಾಳೆ’ ಎಂದೇ ಕರೆಯುತ್ತಿದ್ದರು. ಬಟ್ಟೆ ಯಾವಾಗ ಕೊಡುತ್ತೀಯ ಎಂದು ಯಾರು ಕೇಳಿದರೂ ಮಿಷನ್ನಿನಿಂದ ತಲೆ ಎತ್ತದೆ “ನಾಳೆ” ಎನ್ನುತ್ತಿದ್ದ. ಒಬ್ಬ ಮದುಮಗ ಭಾವನ ಕೋಟು ಹಾಕಿಕೊಂಡು ಮದುವೆಯಾದದ್ದು ಇವನ ದೆಸೆಯಿಂದಲೇ. ಕೆಲಸ ಮಾತ್ರ ಚೊಕ್ಕಟ. ಬಟ್ಟೆ ಹರಿದೀತು, ಅವನು ಹಾಕಿದ ಹೊಲಿಗೆ ಬಿಡುತ್ತಿರಲಿಲ್ಲ.

ನಮ್ಮ ಯಜಮಾನರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ಅವನ ಮಿಷನ್ನು, ಹಿಂದಿನದರಲ್ಲಿ ನನ್ನ ಒಲೆ. ಆ ಮಿಷನ್ನಿನ ಸದ್ದು ಕೇಳುತ್ತಿದ್ದರೆ ಮನೆ ತುಂಬ ಜನ ಇದ್ದ ಹಾಗೆ ನನಗೆ.

ಅವನಿಗೆ ನಲವತ್ತೆರಡು ತುಂಬಿತ್ತು. ಒಂದು ಗುರುವಾರ ಊಟಕ್ಕೆ ಕೂತವನು, “ಅತ್ತಿಗೆ, ನಾನು ಸನ್ಯಾಸಿ ಆಗ್ತೀನಿ” ಅಂದ.

“ಯಾವಾಗ?”

“ನಾಳೆ.”

ನಾನು ನಿಶ್ಚಿಂತೆಯಿಂದ ಇನ್ನೊಂದು ಸೌಟು ಬಡಿಸಿದೆ.

ಆದರೆ ಮರುದಿನ ಅವನು ನಿಜವಾಗಿಯೂ ಮಠಕ್ಕೆ ಹೋದ. ಅಲ್ಲಿಯ ಹಿರಿಯ ಗುರುಗಳು ಆತುರದವರಲ್ಲ. “ದಿನಾ ಬೆಳಿಗ್ಗೆ ಅರ್ಧ ಗಂಟೆ ಸುಮ್ನೆ ಕೂತು, ನನ್ನ ದಾರಿ ಯಾವುದು ಅಂತ ದೇವರನ್ನ ಕೇಳು. ಉತ್ತರ ನೀನೇ ಹೇಳ್ಕೋಬೇಡ” ಎಂದು ಕಳಿಸಿದರು.

ಹೊಲಿಯದೆ ಉಳಿದ ಬಟ್ಟೆಗಳ ಕಪಾಟಿಗೆ ಬೆನ್ನು ಮಾಡಿ ಕೂರತೊಡಗಿದ. ಮೂರನೆಯ ದಿನ ಎದ್ದವನ ಮುಖ ಗಂಟಿಕ್ಕಿತ್ತು.

“ದೇವರು ಏನಂದ?”

“ಏನಂತಾನೆ? ಕಣ್ಣು ಮುಚ್ಚಿದ್ರೆ ಬರೀ ಮೇಷ್ಟ್ರ ಪ್ಯಾಂಟು ಕಾಣುತ್ತೆ!”

ಎದುರುಮನೆ ಮೇಷ್ಟ್ರ ಪ್ಯಾಂಟು ಎರಡು ವರ್ಷದಿಂದ ಆ ಕಪಾಟಿನಲ್ಲಿತ್ತು. ವಾರ ಕಳೆಯುವುದರೊಳಗೆ ನರ್ಸಮ್ಮನ ಕೋಟೂ ಕಾಣತೊಡಗಿತು. ದೂರು ಹೇಳಲು ಮಠಕ್ಕೆ ಓಡಿದ. “ಹಾಗಿದ್ರೆ ಹೊಲಿದು ಕೊಡಪ್ಪ. ಕಪಾಟು ಖಾಲಿಯಾದ ಮೇಲೂ ಆಸೆ ಉಳಿದಿದ್ರೆ ಬಾ” ಅಂದರಂತೆ ಗುರುಗಳು.

ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಹಳೆಯದಕ್ಕೆ ಕೈ ಹಾಕಿದ. ಮೇಷ್ಟ್ರು ಪ್ಯಾಂಟು ಏರಿಸಲು ನೋಡಿ, “ಅಳತೆ ಕೊಟ್ಟಾಗ ನಾನು ಸಣ್ಣಗಿದ್ದೆನಲ್ಲೋ!” ಎಂದು ಗೋಳಾಡಿದರು. ಸೊಂಟ ಬಿಚ್ಚಿ ಅಗಲ ಮಾಡಿಕೊಟ್ಟ. ನರ್ಸಮ್ಮ ಕೋಟು ಕೈಗೆ ಬಂದದ್ದೇ ಗಾಬರಿಯಾಗಿ, “ನಿಮ್ಮ ಮೈದುನನಿಗೆ ಹುಷಾರಿಲ್ವಾ?” ಎಂದು ನನ್ನನ್ನು ಕೇಳಿದಳು.

ಕಪಾಟಿಗೆ ನಾಲ್ಕು ಖಾನೆ. ಐದು ತಿಂಗಳಲ್ಲಿ ಮೂರು ಖಾನೆ ಬರಿದಾದವು. ಕೊನೆಯದರಲ್ಲಿ ಎರಡು ಗಂಟು ಉಳಿದ ದಿನ ನಾನು ಅವನ್ನು ಎರಡೆರಡು ಸಲ ಎಣಿಸಿದೆ. ಹೋಗಬೇಡ ಎನ್ನಲು ನಾಲಗೆ ಏಳಲಿಲ್ಲ. ಕತ್ತರಿ ಎತ್ತುವುದಕ್ಕೆ ಕೈ ಎದ್ದಿತು.

ಮೊದಲು ನನ್ನ ದಿಂಬಿನ ಚೀಲದ ಹೊಲಿಗೆ ಮೂರು ಇಂಚು ಕತ್ತರಿಸಿ ಕಪಾಟಿನಲ್ಲಿಟ್ಟೆ. ಅವನು ಹೊಲಿದುಕೊಟ್ಟ. ಮರುದಿನ ಕಿಟಕಿಯ ಪರದೆ. ಆಮೇಲೆ ಹಾಸಿಗೆಯ ಹೊದಿಕೆ. ಹತ್ತು ದಿನದಲ್ಲಿ ಆ ಎರಡು ಗಂಟೂ ಮುಗಿದು, ಕತ್ತರಿಸಲು ಮನೆಯಲ್ಲಿ ಏನೂ ಉಳಿಯದೆ, ಟ್ರಂಕಿನಿಂದ ಯಜಮಾನರ ಕೋಟು ತೆಗೆದೆ. ಅಣ್ಣನಿಗೆಂದು ಅವನೇ ಹೊಲಿದದ್ದು. ಕಂಕುಳಲ್ಲಿ ಮೂರು ಇಂಚು ಕತ್ತರಿಸಿದೆ.

ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

“ಅತ್ತಿಗೆ, ಹೊಲಿಗೆ ತಾನಾಗಿ ಬಿಟ್ರೆ ದಾರದ ತುದಿ ನಾರುನಾರಾಗಿರುತ್ತೆ. ಇದು ಕತ್ತರಿ ಕೆಲಸ.”

“ಇಲಿ ಇರಬೇಕು.”

“ಎಲ್ಲಾ ಬಟ್ಟೇಲೂ ಮೂರೇ ಇಂಚು ಕಡಿಯೋ ಇಲಿ ನಾನು ನೋಡಿಲ್ಲ. ಟೇಪು ಹಿಡ್ಕೊಂಡು ಬಂದಿತ್ತಾ?”

ನಾನು ಕತ್ತರಿ ತಂದು ಅವನ ಮುಂದಿಟ್ಟೆ.

“ಹೋಗ್ಬೇಡ ಅಂತ ಒಂದು ಮಾತು ಅಂದಿದ್ರೆ ಇದ್ದುಬಿಡ್ತಿದ್ನಲ್ಲ, ಅತ್ತಿಗೆ.”

“ಅದಕ್ಕೇ ಅನ್ನಲಿಲ್ಲ.”

ಅವನು ಕೋಟು ಹೊಲಿದು ಮಡಚಿಟ್ಟ.

ಮರುದಿನ ಬೆಳಿಗ್ಗೆ ಬರಿಯ ಕಪಾಟಿಗೆ ಬೆನ್ನು ಮಾಡಿ ಕೂತ. ಅರ್ಧ ಗಂಟೆ ಕೂರುತ್ತಿದ್ದವನು ಒಂದು ಗಂಟೆ ಕೂತ. ಎದ್ದಾಗ ನಾನೇ ಕೇಳಿದೆ, “ಏನು ಕಂಡೆ?”

“ಏನೂ ಕಾಣಲಿಲ್ಲ. ಆಸೆ ಮಾತ್ರ ಹಾಗೇ ಇದೆ.”

ಎರಡು ಅಂಗಿ, ಒಂದು ಟವೆಲು ಗಂಟು ಕಟ್ಟಿಕೊಟ್ಟೆ. ಹೊಸ್ತಿಲಲ್ಲಿ ತಡೆಯಲಾರದೆ, “ಮತ್ತೆ ಯಾವಾಗ ಬರ್ತೀಯ?” ಅಂದೆ.

ಅಭ್ಯಾಸಬಲದಿಂದ ಬಾಯಿ ತೆರೆದ. ಮುಚ್ಚಿದ.

“ಗೊತ್ತಿಲ್ಲ, ಅತ್ತಿಗೆ.”

ಯಾವಾಗ ಎಂದು ಕೇಳಿದವರಿಗೆ ಅವನು ನಿಜ ಹೇಳಿದ್ದು ಅದೇ ಮೊದಲು. ಇನ್ನು ಇವನು ನಮ್ಮವನಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

ಮಿಷನ್ನಿಗೆ ತಿಂಗಳಿಗೊಮ್ಮೆ ನಾನೇ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ತುಳಿಯುತ್ತೇನೆ. ದಿಂಬಿನ ಚೀಲದ ಆ ಮೂರು ಇಂಚು ಇವತ್ತಿಗೂ ಬಿಟ್ಟಿಲ್ಲ.